ನಿಂತ ನೆಲದ ಅರಿವು: ದೈವಶಾಸ್ತ್ರದ ವಿಧಾನ ಮತ್ತು ಬಡವರ ದೃಷ್ಟಿಕೋನ

1514ರ ಪೆಂತೆಕೊಸ್ತ್ ಹಬ್ಬದ ಸಮಯದಲ್ಲಿ ಕ್ಯೂಬಾ ದ್ವೀಪದಲ್ಲಿ ಸ್ಪೇನಿನ ಪಾದ್ರಿಯೊಬ್ಬನು ಪ್ರವಚನಕ್ಕೆ ಸಿದ್ಧತೆ ನಡೆಸಿದ್ದನು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಈ ಪಾದ್ರಿ ಕೇವಲ ಪಾದ್ರಿಯಾಗಿರಲಿಲ್ಲ. ದ್ವೀಪದ ಆಕ್ರಮಣದಲ್ಲಿ ಸೈನ್ಯದ ಜೊತೆಗಿದ್ದುದಕ್ಕೆ ಪ್ರತಿಫಲವಾಗಿ ಅವನಿಗೆ ಭೂಮಿಯೂ ಅಲ್ಲಿ ದುಡಿಯಲು ಮೂಲನಿವಾಸಿಗಳೂ ದೊರೆತಿದ್ದರು. ವಿಜೇತರಿಗೆ ಮನುಷ್ಯರನ್ನು ಹಂಚಿಕೊಡುವ ಈ ಏರ್ಪಾಡಿಗೆ ಎನ್ಕೊಮಿಯೆಂದಾ ಎಂದು ಹೆಸರು. ಪ್ರವಚನಕ್ಕಾಗಿ ವಾಕ್ಯಗಳನ್ನು ಹುಡುಕುತ್ತಿದ್ದಾಗ ಸಿರಾಕನ ಗ್ರಂಥದ 34ನೆಯ ಅಧ್ಯಾಯ ಅವನ ಕಣ್ಣಿಗೆ ಬಿತ್ತು. ಬಡವರಿಂದ ಕಸಿದ ಪದಾರ್ಥವನ್ನು ದೇವರಿಗೆ ಅರ್ಪಿಸುವುದು ಕೊಲೆಗೆ ಸಮಾನವೆಂದು ಹೇಳುವ ಭಾಗವದು. ತಾನು ಪೀಠದ ಮೇಲಿಡುವ ರೊಟ್ಟಿ ಎಲ್ಲಿಂದ ಬಂತೆಂಬ ಪ್ರಶ್ನೆ ಆಗ ಅವನೆದುರು ನಿಂತಿತು. ಅದೇ ವರ್ಷದ ಆಗಸ್ಟ್ 15ರಂದು ಅವನು ತನ್ನ ಪಾಲಿನ ಮೂಲನಿವಾಸಿಗಳನ್ನು ಬಿಟ್ಟುಕೊಡುವುದಾಗಿ ಬಹಿರಂಗವಾಗಿ ಸಾರಿದನು.

ಧಾರ್ಮಿಕ ಪರಿವರ್ತನೆಯ ಕಥನಗಳಲ್ಲಿ ಈ ಪ್ರಸಂಗವನ್ನು ಏಕಾಂತದ ಓದು ತಂದ ಬೆಳಕೆಂಬಂತೆ ಹೇಳುವುದು ವಾಡಿಕೆ. ಆದರೆ ಲಾಸ್ ಕಾಸಾಸ್ ತಾನೇ ಬರೆದ ‘ಇಂಡೀಸ್ ಇತಿಹಾಸ’ದಲ್ಲಿ ಕಥೆಗೆ ಇನ್ನೊಂದು ಎಳೆಯಿದೆ. ಇದಕ್ಕೂ ಮುಂಚೆ ಡೊಮಿನಿಕನ್ ಸಂನ್ಯಾಸಿಯೊಬ್ಬನು ಅವನ ಪಾಪನಿವೇದನೆಯನ್ನು ಕೇಳಲು ಒಪ್ಪಿರಲಿಲ್ಲ. ಮನುಷ್ಯರನ್ನು ಇಟ್ಟುಕೊಂಡವನಿಗೆ ಕ್ಷಮಾಪಣೆಯಿಲ್ಲವೆಂಬುದು ಆ ಸಂನ್ಯಾಸಿಯ ನಿಲುವು. ಲಾಸ್ ಕಾಸಾಸ್ ಅಂದು ವಾದಿಸಿದ್ದನು, ಮಣಿದಿರಲಿಲ್ಲ. ಗ್ರಂಥದ ವಾಕ್ಯ ಅವನನ್ನು ಹಿಡಿದದ್ದು ಆ ನಿರಾಕರಣೆ ಮನಸ್ಸಿನಲ್ಲಿ ಉಳಿದಿದ್ದುದರಿಂದ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ಇಡೀ ವೃತ್ತಾಂತವನ್ನು ಅವನು ಪ್ರಥಮಪುರುಷದಲ್ಲಿ, ‘ಪಾದ್ರಿ ಕಾಸಾಸ್’ ಎಂಬ ಬೇರೊಬ್ಬ ವ್ಯಕ್ತಿಯ ಕಥೆಯಂತೆ ಬರೆಯುತ್ತಾನೆ. ತನ್ನನ್ನು ಕಾಣಲು ತನ್ನಿಂದ ಹೊರಗೆ ನಿಲ್ಲಬೇಕಾದ ಅಗತ್ಯ ಇಲ್ಲಿ ನಿರೂಪಣೆಯ ವ್ಯಾಕರಣವಾಗಿಯೇ ಒದಗಿದೆ.

ದೈವಶಾಸ್ತ್ರದ ವಿಧಾನದಲ್ಲಿ ಸ್ವಪ್ರಜ್ಞೆಯೆಂದರೆ ಏನೆಂಬ ಪ್ರಶ್ನೆಗೆ ಈ ಪ್ರಸಂಗ ಒಳ್ಳೆಯ ಪ್ರವೇಶ. ಅದು ಲೇಖಕನ ವೈಯಕ್ತಿಕ ನಿವೇದನೆಯಲ್ಲ. ಮುನ್ನುಡಿಯಲ್ಲಿ ಜಾತಿ, ವರ್ಗ, ಲಿಂಗಗಳನ್ನು ಪಟ್ಟಿಮಾಡಿ ಮುಂದಿನ ಅಧ್ಯಾಯಗಳಲ್ಲಿ ಅದನ್ನು ಮರೆಯುವ ಇಂದಿನ ವಿಶ್ವವಿದ್ಯಾಲಯದ ರೂಢಿಯಂತೂ ಅಲ್ಲವೇ ಅಲ್ಲ. ದೇವರ ಕುರಿತು ಆಡುವ ಮಾತು ಯಾರ ಅನ್ನದ ಮೇಲೆ ನಿಂತಿದೆ, ಯಾರಿಗೆ ಅನುಕೂಲವಾಗಿದೆ, ಯಾವುದನ್ನು ಕಾಣದಂತೆ ಮಾಡಿದೆ ಎಂಬುದನ್ನು ಆ ಮಾತಿನ ಒಳಗೇ ಪ್ರಶ್ನೆಯಾಗಿಸುವುದು ಅದರ ಕೆಲಸ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರವು ಇದಕ್ಕೆ ‘ಬಡವರ ದೃಷ್ಟಿಕೋನ’ವನ್ನು ಸಾಧನವಾಗಿ ಮುಂದಿಟ್ಟಿತು. ಸಾಧನವೆನ್ನುವುದೇ ಇಲ್ಲಿ ತೊಡಕಿನ ಮಾತು. ಬಡವರ ದೃಷ್ಟಿಕೋನವನ್ನು ತನ್ನದಾಗಿಸಿಕೊಂಡೆನೆಂದು ದೈವಶಾಸ್ತ್ರಜ್ಞನು ಭಾವಿಸಿದ ಗಳಿಗೆಯಲ್ಲಿ ಅದು ಅವನ ಮತ್ತೊಂದು ಸ್ವತ್ತಾಗುತ್ತದೆ. ಈ ಪರಂಪರೆಯ ಒಳ್ಳೆಯ ಬರಹಗಳು ಈ ಅಪಾಯವನ್ನು ಬಲ್ಲವು. ಆದರೆ ಅದನ್ನು ಅವು ಬಹುಪಾಲು ತಾವಾಗಿಯೇ ಕಂಡುಕೊಂಡಿಲ್ಲ. ಪ್ರತಿ ಬಾರಿಯೂ ಯಾರೋ ಒಬ್ಬರು ಇಲ್ಲವೆಂದಾಗ, ಒಪ್ಪುವುದಿಲ್ಲವೆಂದಾಗ ಕಂಡಿವೆ.

ಲಾಸ್ ಕಾಸಾಸನ ಅರಿವೂ ಅರ್ಧದಲ್ಲಿಯೇ ನಿಂತಿತ್ತು. ಮೂಲನಿವಾಸಿಗಳನ್ನು ಉಳಿಸುವ ಆತುರದಲ್ಲಿ ಅವನು ಅವರ ಬದಲಿಗೆ ಆಫ್ರಿಕದ ಗುಲಾಮರನ್ನು ತರಿಸಬಹುದೆಂದು 1516ರ ಮನವಿಯಲ್ಲಿ ಸಲಹೆ ಮಾಡಿದ್ದನು. ಆ ಗುಲಾಮಗಿರಿಯೂ ಅಷ್ಟೇ ಅನ್ಯಾಯದ್ದೆಂಬುದು ಅವನಿಗೆ ಹೊಳೆಯಲು ದಶಕಗಳು ಬೇಕಾದವು. ಇತಿಹಾಸ ಗ್ರಂಥದಲ್ಲಿ ಅವನು ಅದನ್ನು ಒಪ್ಪಿಕೊಂಡು, ತನ್ನ ಅಜ್ಞಾನ ಮತ್ತು ಸದುದ್ದೇಶಗಳು ದೇವರ ನ್ಯಾಯಸ್ಥಾನದಲ್ಲಿ ತನ್ನನ್ನು ಪಾರುಮಾಡುತ್ತವೆಯೇ ಎಂಬುದು ಖಚಿತವಿಲ್ಲವೆಂದು ಬರೆದಿದ್ದಾನೆ.

ಅವನ ವಿರುದ್ಧ ಅತಿ ಕಟುವಾದ ಪತ್ರ ಬರೆದವನು ವ್ಯಾಪಾರಿಯಲ್ಲ, ಸೇನಾನಿಯಲ್ಲ, ಒಬ್ಬ ಫ್ರಾನ್ಸಿಸ್ಕನ್ ಸಂನ್ಯಾಸಿ. 1524ರಲ್ಲಿ ಮೆಕ್ಸಿಕೊಗೆ ಬರಿಗಾಲಲ್ಲಿ ಬಂದ ಹನ್ನೆರಡು ಮಂದಿಯಲ್ಲಿ ಅವನೊಬ್ಬ; ಹೆಸರು ತೊರಿಬಿಯೊ ದೆ ಬೆನಾವೆಂತೆ. ಹರಕು ನಿಲುವಂಗಿಯ ಈ ಪಾದ್ರಿಗಳನ್ನು ನೋಡಿ ತ್ಲಾಶ್ಕಾಲಾದ ಜನ ‘ಮೊತೊಲಿನಿಯಾ’ ಎನ್ನುತ್ತಿದ್ದರು. ಅದರ ಅರ್ಥ ಬಡವ ಎಂದು ತಿಳಿದ ತೊರಿಬಿಯೊ ಆ ಪದವನ್ನೇ ತನ್ನ ಹೆಸರಾಗಿಸಿಕೊಂಡನು, ನಾವಾತ್ಲ್ ಭಾಷೆಯನ್ನು ಕಲಿತನು, ಅದರಲ್ಲಿಯೇ ಉಪದೇಶಿಸಿದನು. ಅಂಥ ಮೊತೊಲಿನಿಯಾ 1555ರ ಜನವರಿ 2ರಂದು ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಬರೆದ ಪತ್ರದಲ್ಲಿ ಸ್ಪೇನಿನ ವಿಜಯವನ್ನು ಸಮರ್ಥಿಸಿಕೊಂಡು ಲಾಸ್ ಕಾಸಾಸನನ್ನು ಜರೆದಿದ್ದಾನೆ. ಈತ ಇಲ್ಲಿಯ ಭಾಷೆಯನ್ನು ಕಲಿಯಲಿಲ್ಲವೆಂಬುದು ಅವನ ಒಂದು ಆರೋಪ. ಇನ್ನೊಂದು ಮತ್ತಷ್ಟು ಚುಚ್ಚುವಂಥದ್ದು: ಲಾಸ್ ಕಾಸಾಸ್ ತ್ಲಾಶ್ಕಾಲಾಗೆ ಬಂದಾಗ 27 ಅಥವಾ 37 ಮಂದಿ ಮೂಲನಿವಾಸಿಗಳು ಅವನ ಹೊರೆ ಹೊತ್ತಿದ್ದರು, ಹೊರೆಯ ಬಹುಭಾಗ ಸ್ಪೇನಿನವರ ವಿರುದ್ಧದ ದೂರುಪತ್ರಗಳು. ಬಡವರ ಪರವಾದ ಕಾಗದಗಳನ್ನು ಬಡವರ ಬೆನ್ನಿನ ಮೇಲೆ ಸಾಗಿಸಲಾಗಿತ್ತು.

ಭಾಷೆ ಕಲಿತವನು ಸಾಮ್ರಾಜ್ಯದ ಪರ ನಿಂತನು, ಕಲಿಯದವನು ವಿರೋಧಿಸಿದನು. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿ ತೊಡಗಿದವರಿಗೆ ಇದು ಹಿತವಾದ ಸಂಗತಿಯಲ್ಲ, ಏಕೆಂದರೆ ಜನರ ಭಾಷೆಯನ್ನು ಅರಿಯುವುದು ಜನರ ಪಕ್ಷವನ್ನು ಅರಿಯುವುದೇ ಎಂಬ ನಂಬಿಕೆ ಈ ಕ್ಷೇತ್ರದ ಅಡಿಪಾಯದಲ್ಲಿಯೇ ಇದೆ. ಆದರೂ ಭಾಷೆಯ ಪಾಲು ಇಷ್ಟಕ್ಕೇ ಮುಗಿಯುವುದಿಲ್ಲ. ನಾವಾತ್ಲಿನಲ್ಲಿ ‘ಮೊತೊಲಿನಿಯಾ’ ಎಂಬುದು ಗುಣವಾಚಕವಲ್ಲ, ಕ್ರಿಯಾಪದ. ಅದರ ಧಾತು ‘ತೊಲಿನಿಯಾ’ ಸಕರ್ಮಕವಾದಾಗ ಮತ್ತೊಬ್ಬರನ್ನು ಪೀಡಿಸು, ಹಿಂಸಿಸು ಎಂದರ್ಥ. ಕನ್ನಡದ ‘ಕೊಳ್ಳು’ ಪ್ರತ್ಯಯದಂತೆ ಕ್ರಿಯೆಯನ್ನು ಕರ್ತೃವಿನತ್ತ ತಿರುಗಿಸುವ ‘ಮೊ’ ಸೇರಿದಾಗ ಅದು ಸಂಕಟದಲ್ಲಿದ್ದಾನೆ, ಬಡವನಾಗಿದ್ದಾನೆ ಎಂದಾಗುತ್ತದೆ. ಬಡತನವೂ ಪೀಡನೆಯೂ ಒಂದೇ ಧಾತುವಿನ ಎರಡು ರೂಪಗಳು. ತೊರಿಬಿಯೊ ಆ ಪದದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನ ಸ್ವಯಂವೃತ ಬಡತನವನ್ನು ಕೇಳಿಸಿಕೊಂಡನು. ಅದೇ ಪದದ ಮತ್ತೊಂದು ಪ್ರಯೋಗ ಕೇಳುತ್ತಿದ್ದ ಪ್ರಶ್ನೆ, ಅಂದರೆ ಪೀಡಿಸಿದವರು ಯಾರೆಂಬುದು, ಅವನ ಪತ್ರದಲ್ಲಿ ಕೇಳಿಸುವುದಿಲ್ಲ.

ಬೈಬಲಿನ ಮೂಲಭಾಷೆಗಳೂ ಇಂಥ ಸೂಕ್ಷ್ಮಗಳನ್ನು ಒಳಗಿಟ್ಟುಕೊಂಡಿವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ದುಡಿದು ಉಣ್ಣುವ ಬಡವನಿಗೆ ‘ಪೆನೆಸ್’ ಎಂದೂ, ಕುಗ್ಗಿ ಮುದುಡಿ ಕೈಯೊಡ್ಡುವವನಿಗೆ ‘ಪ್ತೊಖೊಸ್’ ಎಂದೂ ಬೇರೆ ಪದಗಳಿವೆ. ಯೇಸು ಧನ್ಯರೆಂದು ಕರೆದದ್ದು ಎರಡನೆಯವರನ್ನು. ಹೀಬ್ರೂವಿನಲ್ಲಿ ಬಡವನನ್ನು ಸೂಚಿಸುವ ಹಲವು ಪದಗಳ ಪೈಕಿ ‘ದಲ್’ ಒಂದು. ಸಂಸ್ಕೃತದ ‘ದಲ್’ ಧಾತುವಿನಿಂದ ಬಂದ ‘ದಲಿತ’ದೊಡನೆ ಅದರ ಧ್ವನಿಸಾಮ್ಯವನ್ನು ಜೇಮ್ಸ್ ಮ್ಯಾಸಿ ಮುಂತಾದ ದಲಿತ ದೈವಶಾಸ್ತ್ರಜ್ಞರು ಎತ್ತಿತೋರಿಸಿದ್ದಾರೆ. ಭಾಷಾಶಾಸ್ತ್ರದ ಕಣ್ಣಿಗೆ ಇದು ಕಾಕತಾಳೀಯ. ಹೀಬ್ರೂ ‘ದಲ್’ಗೆ ನಿಜವಾದ ಅರ್ಥಬಂಧು ಕನ್ನಡದಲ್ಲಿದೆ. ಆದಿಕಾಂಡದ 41ನೆಯ ಅಧ್ಯಾಯದಲ್ಲಿ ಫರೋಹನು ಕನಸಿನಲ್ಲಿ ಕಂಡ ಬಡಕಲು ಹಸುಗಳನ್ನು ಬಣ್ಣಿಸುವಾಗ ಬರುವುದು ಇದೇ ಪದ. ಕನ್ನಡದ ‘ಬಡ’ವೂ ಹಾಗೆಯೇ ಮೊದಲು ಮೈಯ ಸ್ಥಿತಿ, ಆಮೇಲೆ ಆಸ್ತಿಯ ಸ್ಥಿತಿ, ಬಡವಾದ ಮೈ, ಬಡಕಲು ದನ, ಬಡವ ಎಂಬ ಸರಣಿಯಲ್ಲಿ ಹಸಿವು ಪದದೊಳಗೇ ಕಾಣುತ್ತದೆ. ‘ದರಿದ್ರ’, ‘ದೀನ’ ಎಂಬ ಪದಗಳು ಈ ಮೈಯನ್ನು ಕಾಣಿಸುವುದಿಲ್ಲ. ಕನ್ನಡದಲ್ಲಿ ದೈವಶಾಸ್ತ್ರ ಬರೆಯುವವರು ಯಾವ ಪದ ಆರಿಸುತ್ತಾರೆಂಬುದು ಶೈಲಿಯ ವಿಷಯ ಮಾತ್ರವಲ್ಲ.

ಭಾಷೆಯ ಈ ಪ್ರಶ್ನೆ ವಿಮೋಚನಾ ದೈವಶಾಸ್ತ್ರದ ಮೂಲಗ್ರಂಥದ ಮೊದಲ ಪುಟಗಳಲ್ಲಿಯೇ ಇದೆ. ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಸ್ (1928–2024) 1968ರ ಜುಲೈನಲ್ಲಿ ಚಿಂಬೋಟೆ ಎಂಬ ಮೀನುಗಾರಿಕೆಯ ಬಂದರು ಪಟ್ಟಣದಲ್ಲಿ ವಿಮೋಚನೆಯ ದೈವಶಾಸ್ತ್ರದ ಕುರಿತು ಉಪನ್ಯಾಸ ನೀಡಿದರು. ಕೆಲವೇ ವಾರಗಳಲ್ಲಿ ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್ಪರ ಸಮ್ಮೇಳನ ಸೇರಿತು. ಉಪನ್ಯಾಸ ಬೆಳೆದು 1971ರಲ್ಲಿ ‘ವಿಮೋಚನೆಯ ದೈವಶಾಸ್ತ್ರ’ ಎಂಬ ಗ್ರಂಥವಾಯಿತು. ಅದರ ವಿಧಾನದ ತಿರುಳು ಸರಳ: ದೈವಶಾಸ್ತ್ರ ಎರಡನೆಯ ಹೆಜ್ಜೆ. ಮೊದಲನೆಯದು ಬದುಕು, ಪ್ರಾರ್ಥನೆ, ಬಡವರೊಡನೆ ತೊಡಗಿಕೊಳ್ಳುವಿಕೆ. ಆ ಆಚರಣೆಯನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಮರ್ಶಿಸುವುದು ಅನಂತರದ ಕೆಲಸ.

ಗ್ರಂಥವನ್ನು ಇಬ್ಬರಿಗೆ ಅರ್ಪಿಸಲಾಗಿದೆ. ಒಬ್ಬರು 1969ರಲ್ಲಿ ಕೊಲೆಯಾದ ಬ್ರೆಜಿಲಿನ ಕಪ್ಪು ಪಾದ್ರಿ ಹೆನ್ರಿಕೆ ಪೆರೇರಾ ನೆತೊ. ಇನ್ನೊಬ್ಬರು ಕಾದಂಬರಿಕಾರ ಹೊಸೆ ಮರಿಯಾ ಅರ್ಗೇದಾಸ್ (1911–1969). ಮಲತಾಯಿಯ ಮನೆಯಲ್ಲಿ ಕೆಚುವಾ ಭಾಷೆಯ ಆಳುಗಳ ನಡುವೆ ಬೆಳೆದ ಅರ್ಗೇದಾಸ್ ಸ್ಪ್ಯಾನಿಷಿನಲ್ಲಿ ಬರೆದರು, ಆದರೆ ಆ ಸ್ಪ್ಯಾನಿಷಿನ ವಾಕ್ಯವಿನ್ಯಾಸವನ್ನು ಕೆಚುವಾದ ಒತ್ತಡಕ್ಕೆ ಒಡ್ಡಿದರು. ‘ಕುಸುಮಬಾಲೆ’ಯ ಗದ್ಯವನ್ನು ಬಲ್ಲ ಕನ್ನಡ ಓದುಗರಿಗೆ ಈ ಪ್ರಯತ್ನ ಅಪರಿಚಿತವೆನಿಸದು. ಅವರ ‘ಸಮಸ್ತ ರಕ್ತಗಳು’ (1964) ಕಾದಂಬರಿಯಲ್ಲಿ ಹಳ್ಳಿಯ ಇಗರ್ಜಿಯ ಪರಿಚಾರಕನೊಬ್ಬನು ಪಾದ್ರಿಗೆ ಪ್ರಶ್ನೆಗಳನ್ನು ಹಾಕುವ ಸಂಭಾಷಣೆಯನ್ನು ಗುಟಿಯೆರೆಸ್ ತಮ್ಮ ಗ್ರಂಥದ ತಲೆಬಾಗಿಲಲ್ಲಿಟ್ಟರು. ಧಣಿಗಳ ದೇವರು ತಮ್ಮ ದೇವರಲ್ಲ ಎಂಬ ಕಾಣ್ಕೆ ಆ ಮಾತುಗಳಲ್ಲಿದೆ. ದೈವಶಾಸ್ತ್ರದ ಗ್ರಂಥವೊಂದು ಪಾದ್ರಿಯ ಉತ್ತರದಿಂದಲ್ಲದೆ ಪರಿಚಾರಕನ ಪ್ರಶ್ನೆಯಿಂದ ಆರಂಭವಾಗುವುದು ಸಣ್ಣ ಬದಲಾವಣೆಯಲ್ಲ. ಅರ್ಗೇದಾಸ್ ಕೂಡ ಚಿಂಬೋಟೆಯ ಕುರಿತ ತಮ್ಮ ಕೊನೆಯ, ಅಪೂರ್ಣ ಕಾದಂಬರಿಯ ಅಂತ್ಯದ ದಿನಚರಿಯಲ್ಲಿ ವಿಮೋಚಕ ದೇವರನ್ನು ನೆನೆದಿದ್ದಾರೆ.

ಅರ್ಗೇದಾಸರ ಬದುಕಿನ ಒಂದು ಸಂಜೆಯನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣ. 1965ರ ಜೂನ್‌ನಲ್ಲಿ ಲಿಮಾದ ಪೆರು ಅಧ್ಯಯನ ಸಂಸ್ಥೆಯಲ್ಲಿ ನಡೆದ ದುಂಡುಮೇಜಿನ ಚರ್ಚೆಯಲ್ಲಿ ಸಮಾಜವಿಜ್ಞಾನಿಗಳೂ ವಿಮರ್ಶಕರೂ ‘ಸಮಸ್ತ ರಕ್ತಗಳು’ ಪೆರುವಿನ ವಾಸ್ತವವನ್ನು ತಪ್ಪಾಗಿ ಚಿತ್ರಿಸಿದೆಯೆಂದು ವಾದಿಸಿದರು. ಮೂಲನಿವಾಸಿ ಜಗತ್ತು ವರ್ಗಸಂಬಂಧಗಳಲ್ಲಿ ಕರಗುತ್ತಿದೆ, ಕಾದಂಬರಿ ಅದನ್ನು ಗುರುತಿಸಿಲ್ಲ ಎಂಬುದು ಟೀಕೆಯ ದಿಕ್ಕು. ತಾನು ಬದುಕಿದ್ದು ವ್ಯರ್ಥವಾಯಿತೆಂಬ ಅರ್ಥದ ಮಾತುಗಳನ್ನು ಅರ್ಗೇದಾಸ್ ಅದೇ ರಾತ್ರಿ ಬರೆದಿಟ್ಟರು. ಈ ಘಟನೆಯ ವ್ಯಂಗ್ಯ ದೈವಶಾಸ್ತ್ರಕ್ಕೂ ತಟ್ಟುತ್ತದೆ. ಮೊದಲ ಹಂತದ ವಿಮೋಚನಾ ದೈವಶಾಸ್ತ್ರವು ಬಡತನವನ್ನು ವಿವರಿಸಲು ನೆಚ್ಚಿದ್ದು ಅಂದಿನ ಸಮಾಜವಿಜ್ಞಾನವನ್ನೇ, ಮುಖ್ಯವಾಗಿ ಪರಾವಲಂಬನೆಯ ಸಿದ್ಧಾಂತವನ್ನು. ಅರ್ಪಣೆಯ ಪುಟದಲ್ಲಿ ಕಾದಂಬರಿಕಾರ, ವಿಶ್ಲೇಷಣೆಯ ಪುಟಗಳಲ್ಲಿ ಅವನ ಟೀಕಾಕಾರರ ಪರಿಭಾಷೆ. ಗುಟಿಯೆರೆಸ್ ಇದನ್ನು ತಿದ್ದಿಕೊಳ್ಳಲು ಹಿಂಜರಿಯಲಿಲ್ಲ. 1988ರ ಪರಿಷ್ಕೃತ ಆವೃತ್ತಿಯ ಹೊಸ ಪ್ರಸ್ತಾವನೆಯಲ್ಲಿ ಜನಾಂಗ, ಸಂಸ್ಕೃತಿ ಮತ್ತು ಹೆಣ್ಣಿನ ಸ್ಥಿತಿಗಳನ್ನು ತಾವು ಮೊದಲು ಸಾಕಷ್ಟು ಕಂಡಿರಲಿಲ್ಲವೆಂದು ಒಪ್ಪಿದರು. ವರ್ಗಸಂಘರ್ಷದ ಕುರಿತ ಭಾಗವನ್ನು ಹೊಸ ಶೀರ್ಷಿಕೆಯಡಿ ಪುನಃ ಬರೆದರು. ಆ ಬದಲಾವಣೆಯ ಹಿಂದೆ ವ್ಯಾಟಿಕನ್ನಿನ 1984ರ ಆದೇಶಪತ್ರದ ಒತ್ತಡವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ವಿಧಾನದ ಕುರಿತು ಅತಿ ನಿಷ್ಠುರವಾಗಿ ಯೋಚಿಸಿದವರು ಉರುಗ್ವೆಯ ಜೆಸ್ವಿಟ್ ಹುವಾನ್ ಲೂಯಿಸ್ ಸೆಗುಂದೊ (1925–1996). ‘ದೈವಶಾಸ್ತ್ರದ ವಿಮೋಚನೆ’ ಎಂದು ಪದಗಳನ್ನು ತಿರುಗಿಸಿ ಹೆಸರಿಟ್ಟ ಗ್ರಂಥದಲ್ಲಿ (1975) ಅವರು ವ್ಯಾಖ್ಯಾನದ ವೃತ್ತವೊಂದನ್ನು ರೂಪಿಸಿದರು. ವಾಸ್ತವದ ಅನುಭವದಿಂದ ಹುಟ್ಟುವ ಸಂದೇಹ, ಆ ಸಂದೇಹವನ್ನು ದೈವಶಾಸ್ತ್ರದ ಮೇಲೆಯೇ ಪ್ರಯೋಗಿಸುವುದು, ರೂಢಿಯ ಬೈಬಲ್ ವ್ಯಾಖ್ಯಾನ ಏನನ್ನು ಬಿಟ್ಟಿದೆಯೆಂದು ಅನುಮಾನಿಸುವುದು, ಕೊನೆಗೆ ಹೊಸ ಓದು. 1983ರಲ್ಲಿ ಟೊರೊಂಟೊದಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಇದೇ ಸಂದೇಹವನ್ನು ತಮ್ಮ ಬಳಗದತ್ತ ತಿರುಗಿಸಿದರು. ಲ್ಯಾಟಿನ್ ಅಮೆರಿಕದಲ್ಲಿ ಒಂದಲ್ಲ, ಎರಡು ವಿಮೋಚನಾ ದೈವಶಾಸ್ತ್ರಗಳಿವೆ ಎಂದರು. ಮೊದಲನೆಯದು ವಿಶ್ವವಿದ್ಯಾಲಯದ ಮಧ್ಯಮವರ್ಗದಲ್ಲಿ ಹುಟ್ಟಿ ಆ ವರ್ಗದ ಸ್ವಂತ ಭ್ರಮೆಗಳನ್ನು ಬಯಲುಮಾಡಿತು. ಎರಡನೆಯದು ಬುದ್ಧಿಜೀವಿಗಳು ಜನಸಾಮಾನ್ಯರಿಂದ ಕಲಿಯಬೇಕೆಂದಿತು. ಎರಡನೆಯದನ್ನು ಗೌರವಿಸುತ್ತಲೇ ಸೆಗುಂದೊ ಕೇಳಿದ ಪ್ರಶ್ನೆಯಲ್ಲಿ ಅಹಿತವಾದ ಸತ್ಯವಿದೆ: ಜನರ ಧಾರ್ಮಿಕತೆಯೊಳಗೆ ಧಣಿಗಳು ತುಂಬಿದ ವಿಧಿವಾದ ಇಳಿದಿದ್ದರೆ, ಅದರಿಂದ ಕಲಿಯುವುದು ಏನನ್ನು?

ಇದಕ್ಕೆ ಉತ್ತರವಿಲ್ಲವೆಂದಲ್ಲ. ನಿಕಾರಾಗುವಾ ಸರೋವರದ ಸೊಲೆಂತಿನಾಮೆ ದ್ವೀಪಗಳಲ್ಲಿ ಕವಿ, ಪಾದ್ರಿ ಎರ್ನೆಸ್ಟೊ ಕಾರ್ದೆನಾಲ್ ರೈತರೊಡನೆ ಸುವಾರ್ತೆಯನ್ನು ಓದಿ ನಡೆಸಿದ ಮಾತುಕತೆಗಳು ಮುದ್ರಣವಾಗಿವೆ. ಅಲ್ಲಿ ರೈತರು ಒಬ್ಬರನ್ನೊಬ್ಬರು ಖಂಡಿಸುತ್ತಾರೆ, ಪಾದ್ರಿಯನ್ನೂ ತಿದ್ದುತ್ತಾರೆ. ‘ಬಡವರ ದೃಷ್ಟಿಕೋನ’ವೆಂಬ ಏಕವಚನ ಆ ಪುಟಗಳಲ್ಲಿ ನಿಲ್ಲುವುದಿಲ್ಲ. ಆದರೆ ಅಲ್ಲಿಯೂ ಮಾತನ್ನು ಆಯ್ದು ಜೋಡಿಸಿದ ಕೈ ಕವಿಯದು. ಇನ್ನೊಂದು ದಿಕ್ಕಿನಿಂದ, ಅರ್ಜೆಂಟೀನಾದ ಮಾರ್ಸೆಲಾ ಆಲ್ತೌಸ್-ರೀಡ್ ಅವರು 2000ದಲ್ಲಿ ಪ್ರಕಟವಾದ ಗ್ರಂಥವನ್ನು ಬ್ವೇನೊಸ್ ಐರೆಸ್ ಬೀದಿಯಲ್ಲಿ ನಿಂಬೆಹಣ್ಣು ಮಾರುವ ಹೆಂಗಸರಿಂದ ಆರಂಭಿಸಿ, ವಿಮೋಚನಾ ದೈವಶಾಸ್ತ್ರದ ಬಡವನಿಗೆ ಮೈಯೇ ಇಲ್ಲವೆಂದು ಆಕ್ಷೇಪಿಸಿದರು. ಭಕ್ತಿವಂತ ಬಡವನನ್ನು ಮಾತ್ರ ಅದು ಬಲ್ಲದು, ಬೀದಿಯ ಹೆಣ್ಣನ್ನಲ್ಲ. ಇದಕ್ಕೆ ತೀರ ವಿರುದ್ಧವಾದ ಆಕ್ಷೇಪ ಒಳಗಿನಿಂದಲೇ ಬಂತು. ಈ ವಿಧಾನಕ್ಕೆ ತಾತ್ವಿಕ ಚೌಕಟ್ಟು ಕಟ್ಟಿದವರಲ್ಲೊಬ್ಬರಾದ ಬ್ರೆಜಿಲಿನ ಕ್ಲೊದೊವಿಸ್ ಬೋಫ್ 2007ರ ಲೇಖನದಲ್ಲಿ, ವಿಮೋಚನಾ ದೈವಶಾಸ್ತ್ರವು ಕ್ರಿಸ್ತನಿರಬೇಕಾದ ಜಾಗದಲ್ಲಿ ಬಡವನನ್ನು ಕೂರಿಸಿದೆಯೆಂದರು. ಅಣ್ಣ ಲಿಯೊನಾರ್ದೊ ಬೋಫ್ ಅದನ್ನು ತೀವ್ರವಾಗಿ ಅಲ್ಲಗಳೆದರು. ಕ್ಲೊದೊವಿಸರ ತರ್ಕ ಅಚ್ಚುಕಟ್ಟಾದದ್ದು, ಆದರೆ ತಾವು ಯಾವ ನೆಲದಲ್ಲಿ ನಿಂತು ಮೂಲತತ್ತ್ವಗಳ ಶ್ರೇಣಿಯನ್ನು ನಿರ್ಣಯಿಸುತ್ತಿದ್ದೇವೆಂಬ ಹಳೆಯ ಪ್ರಶ್ನೆಗೆ ಅದರಲ್ಲಿ ಎಡೆ ಕಡಿಮೆ.

ಕರ್ನಾಟಕದ ಸಂಬಂಧ ಈ ಚರ್ಚೆಗೆ ಬರುವುದು 1981ರಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅರವಿಂದ ಪಿ. ನಿರ್ಮಲ್ ಅಂದು ಶೂದ್ರ ದೈವಶಾಸ್ತ್ರದತ್ತ ಎಂಬ ಆಶಯದ ಉಪನ್ಯಾಸ ನೀಡಿದರು. ದಲಿತ ದೈವಶಾಸ್ತ್ರದ ಆರಂಭವನ್ನು ಅಲ್ಲಿಂದ ಎಣಿಸುವುದು ರೂಢಿ. ಭಾರತೀಯ ಕ್ರೈಸ್ತ ದೈವಶಾಸ್ತ್ರವೆಂದು ಹೆಸರಾದದ್ದು ಬ್ರಹ್ಮಬಾಂಧವ ಉಪಾಧ್ಯಾಯರಿಂದ ಹಿಡಿದು ಬಹುಮಟ್ಟಿಗೆ ಮೇಲ್ಜಾತಿಯಿಂದ ಮತಾಂತರವಾದವರ, ವೇದಾಂತದೊಡನೆ ನಡೆಸಿದ ಸಂವಾದ. ಇಗರ್ಜಿಯಲ್ಲಿ ಕುಳಿತವರ ಬಹುಸಂಖ್ಯೆ ದಲಿತರದು ಎಂಬುದು ನಿರ್ಮಲ್ ಎತ್ತಿದ ಮೂಲ ಆಕ್ಷೇಪ. ಲ್ಯಾಟಿನ್ ಅಮೆರಿಕದ ಮಾದರಿಯನ್ನೂ ಅವರು ಹಾಗೆಯೇ ಒಪ್ಪಲಿಲ್ಲ, ವರ್ಗದ ಪರಿಭಾಷೆ ಜಾತಿಯನ್ನು ಕಾಣದೆಂದರು. ವಿಧಾನದ ಮಟ್ಟದಲ್ಲಿ ಅವರ ಪಲ್ಲಟ ಇನ್ನೂ ಆಳದ್ದು. ಗುಟಿಯೆರೆಸ್ ಅರಿವಿಗಿಂತ ಆಚರಣೆಯನ್ನು ಮೊದಲಿಟ್ಟರೆ, ನಿರ್ಮಲ್ ಆಚರಣೆಗಿಂತಲೂ ಮೊದಲು ನೋವನ್ನಿಟ್ಟರು. ದಲಿತನು ತನ್ನ ನೋವಿನಲ್ಲಿಯೇ ದೇವರನ್ನು ಬಲ್ಲನು. ಕ್ರಿಯೆಯಾಗಲಿ ಸಿದ್ಧಾಂತವಾಗಲಿ ಅದರ ಹಿಂದಿನಿಂದ ಬರುವಂಥದ್ದು. ಆದ್ದರಿಂದ ದಲಿತ ದೈವಶಾಸ್ತ್ರ ದಲಿತರಿಂದಲೇ ಆಗಬೇಕೆಂಬ ಪ್ರತ್ಯೇಕತೆಯ ನಿಲುವನ್ನೂ ಅವರು ತಾಳಿದರು. ಪಾಪನಿವೇದನೆಯನ್ನು ಕೇಳಲೊಪ್ಪದ ಡೊಮಿನಿಕನ್ ಸಂನ್ಯಾಸಿಯ ನಿರಾಕರಣೆಗೂ ಇದಕ್ಕೂ ಹೋಲಿಕೆಯಿದೆ. ವ್ಯತ್ಯಾಸವೆಂದರೆ ಇಲ್ಲಿ ನಿರಾಕರಿಸಿದವರು ಬಡವರ ಪರವಾಗಿ ನಿಂತ ಮತ್ತೊಬ್ಬರಲ್ಲ, ನೋವುಂಡವರೇ.

ಈ ನಿಲುವಿಗೂ ತನ್ನ ಕುರುಡುಜಾಗಗಳಿದ್ದವು. ದಲಿತರ ನೋವನ್ನು ಬರೆದದ್ದು ಇಂಗ್ಲಿಷಿನಲ್ಲಿ, ಕಾಲೇಜಿನ ವಿಚಾರಗೋಷ್ಠಿಗಳಿಗೆ. ಮದುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯ ಥಿಯೊಫಿಲಸ್ ಅಪ್ಪಾವು ಇದನ್ನು ಕಂಡುಕೊಂಡು ಜಾನಪದ ಮಟ್ಟುಗಳಲ್ಲಿ, ಆಡುಮಾತಿನ ತಮಿಳಿನಲ್ಲಿ ಆರಾಧನಾ ಗೀತೆಗಳನ್ನು ಕಟ್ಟಿದರು. ಬೆಂಗಳೂರಿನ ಕಾಲೇಜಿನಲ್ಲಿಯೇ ಮುಂದೆ ಪಾಠ ಹೇಳಿದ ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಪುಸ್ತಕವಿಲ್ಲದ ಸಮುದಾಯವೊಂದರ ಪಠ್ಯ ಯಾವುದೆಂದು ಕೇಳಿದರು. ಪರೆಯರ ಪರೆ ವಾದ್ಯವೇ ಆ ಪಠ್ಯವೆಂಬುದು ಅವರ ಉತ್ತರ. ಅಕ್ಷರದಿಂದ ದೂರವಿಡಲಾದವರು ದೇವರೊಡನೆಯೂ ತಮ್ಮೊಡನೆಯೂ ಆಡಿದ ಮಾತು ಚರ್ಮದ ಮೇಲಿನ ಬಡಿತದಲ್ಲಿದೆ, ಕ್ರಿಸ್ತನನ್ನು ಆ ವಾದ್ಯದ ರೂಪದಲ್ಲಿ ಅರಿಯಬಹುದೆಂದು ಅವರು ವಾದಿಸಿದರು. ದೈವಶಾಸ್ತ್ರವೆಂದರೆ ಬರಹವೆಂಬ ಗ್ರಹಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ವಿರಳ.

ಆದರೆ ತಮಿಳುನಾಡಿನಲ್ಲಿ ಪರೆ ಬಡಿಯುವುದು ಸಾವಿನ ಮನೆಯಲ್ಲಿ ಜಾತಿ ಹೇರಿದ ಬಿಟ್ಟಿ ಕೆಲಸವೂ ಹೌದು. ಅದನ್ನು ಬಡಿಯುವುದಿಲ್ಲವೆಂದು ಘೋಷಿಸಿ ಏಟು ತಿಂದ ದಲಿತರಿದ್ದಾರೆ. ಕ್ರೈಸ್ತರಾದ ಮೇಲೆ ಇಗರ್ಜಿಯ ಹೊಸ್ತಿಲೊಳಗೆ ಆ ಸದ್ದು ಬರಬಾರದೆಂದವರಿದ್ದಾರೆ. ಇಂದು ಪರೆಯನ್ನು ಹೆಮ್ಮೆಯ ಗುರುತಾಗಿ ಬೀದಿಯಲ್ಲಿ ಬಾರಿಸುವ ತರುಣ ತರುಣಿಯರೂ ಇದ್ದಾರೆ. ವಿಚಾರಗೋಷ್ಠಿಯಲ್ಲಿ ಪರೆಯನ್ನು ಕ್ರಿಸ್ತನ ಪ್ರತೀಕವೆಂದು ವಿವರಿಸುತ್ತಿರುವಾಗ, ಸತ್ತವರ ಮನೆಯ ಮುಂದೆ ಅದನ್ನು ಬಡಿದು ಬದುಕಿದ ತಂದೆಯ ಮಗನೊಬ್ಬನು ಎದ್ದುನಿಂತು ತನಗೆ ಅದು ಬೇಡವೆಂದರೆ, ಮುಂದಿನ ಪುಟವನ್ನು ಅವನ ಮಾತಿನಿಂದಲೇ ಬರೆಯಬೇಕಾಗುತ್ತದೆ.